ನಿಯಾ ಕ್ಯುಂಟ್ಸರ್: ಹತ್ತು ನಿಮಿಷದ ಆಚೆಗಿನ ಆಟ

ನಿಯಾ ಕ್ಯುಂಟ್ಸರ್ ಅಂದರೆ ಜರ್ಮನಿಯವರಿಗೆ ನೆನಪಾಗುವುದು ಒಂದೇ ಗೋಲು. 2003ರ ಅಕ್ಟೋಬರ್ 12ರಂದು ನಡೆದ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ, ಸ್ವೀಡನ್ ವಿರುದ್ಧ, 98ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು. ಜರ್ಮನಿಯ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಗೆದ್ದದ್ದು ಆ ಗೋಲಿನಿಂದ.

ಈಗ ಅವರ ಲೆಕ್ಕ ನೋಡಿ. ಆಡುತ್ತಿದ್ದದ್ದು ಡಿಫೆಂಡರ್ ಆಗಿ, ಅಂದರೆ ಎದುರಾಳಿ ಗೋಲು ಹೊಡೆಯದಂತೆ ಹಿಂದೆ ನಿಂತು ತಡೆಯುವ ಕೆಲಸ. ದೇಶದ ಪರ 34 ಪಂದ್ಯ, ಬರೀ 2 ಗೋಲು. ಆ ಫೈನಲ್‌ನಲ್ಲಿ ಮೈದಾನಕ್ಕೆ ಇಳಿದದ್ದೇ 88ನೇ ನಿಮಿಷಕ್ಕೆ. ಆಟದ ಬದುಕಿನಲ್ಲಿ ನಾಲ್ಕು ಸಲ ಮಂಡಿಯ ಲಿಗಮೆಂಟ್ ಹರಿದಿದೆ. ಇಷ್ಟರ ಮೇಲೆ ಕ್ಲಬ್ ಮಟ್ಟದಲ್ಲಿ ಏಳು ಲೀಗ್ ಪ್ರಶಸ್ತಿ, ಏಳು ಜರ್ಮನ್ ಕಪ್, ಮೂರು ಯುರೋಪಿಯನ್ ಕಪ್.

ಈ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ ಅನ್ನಿಸುತ್ತೆ, ಅಲ್ವಾ? ತಾಳೆಯಾಗುತ್ತವೆ. ಆದರೆ ಅದಕ್ಕೆ ಆ ಗೋಲನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ಜರ್ಮನಿಯಲ್ಲಿ ಹೆಂಗಸರ ಫುಟ್‌ಬಾಲ್ ಆಗ ಯಾವ ಸ್ಥಿತಿಯಲ್ಲಿತ್ತು, ಮಂಡಿ ಹರಿಯುವುದು ಅಂದರೆ ಏನು, ಗೋಲ್ಡನ್ ಗೋಲ್ ನಿಯಮ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ನೋಡಬೇಕು.

ನಿಯಾ ಹುಟ್ಟಿದ್ದು 1980ರ ಜನವರಿ 18ರಂದು, ಆಫ್ರಿಕಾದ ಬೋಟ್ಸ್ವಾನಾ ದೇಶದ ಮೊಚುಡಿ ಎಂಬ ಊರಿನಲ್ಲಿ. ಅಪ್ಪ ಅಮ್ಮ ಅಲ್ಲಿ ಅಭಿವೃದ್ಧಿ ಕೆಲಸಕ್ಕೆಂದು ಹೋಗಿದ್ದ ಜರ್ಮನರು. ಮಗು ಚಿಕ್ಕದಿರುವಾಗಲೇ ಕುಟುಂಬ ಜರ್ಮನಿಗೆ ಮರಳಿತು. ನಿಯಾ ಬೆಳೆದದ್ದು ಹೆಸ್ಸೆನ್ ರಾಜ್ಯದ ವೆಟ್ಸ್ಲಾರ್‌ನಲ್ಲಿ, ಹೆತ್ತವರ ಆಸರೆ ಇಲ್ಲದ ಮಕ್ಕಳನ್ನು ಮನೆಯ ಮಕ್ಕಳಂತೆ ಸಾಕುವ ಒಂದು ಮಕ್ಕಳ ಗ್ರಾಮದಲ್ಲಿ. ಅವರ ಹೆತ್ತವರು ತಮ್ಮ ಮಕ್ಕಳ ಜೊತೆಗೇ ಅಂಥ ಮಕ್ಕಳನ್ನೂ ಬೆಳೆಸುತ್ತಿದ್ದರು. ಮನೆ ತುಂಬ ಮಕ್ಕಳು. ಮೊದಲು ಆಡಿದ್ದು ಊರಿನ ಕ್ಲಬ್ ಐನ್‌ಟ್ರಾಕ್ಟ್ ವೆಟ್ಸ್ಲಾರ್‌ಗೆ, ಆಮೇಲೆ ಪಕ್ಕದ ಗೀಸೆನ್ ನಗರದ ಕ್ಲಬ್‌ಗೆ.

ಅವರು ಚೆಂಡು ಒದೆಯಲು ಶುರು ಮಾಡಿದ ಕಾಲದ ಜರ್ಮನಿಯನ್ನು ಸ್ವಲ್ಪ ನೋಡೋಣ. 1955ರಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆ, ಅಂದರೆ ಡಿಎಫ್‌ಬಿ, ಒಂದು ನಿರ್ಧಾರ ಮಾಡಿತು: ತನ್ನ ಅಡಿಯ ಯಾವ ಕ್ಲಬ್ಬೂ ಹೆಂಗಸರ ತಂಡ ಕಟ್ಟಬಾರದು, ಅವರಿಗೆ ಮೈದಾನವನ್ನೂ ಕೊಡಬಾರದು. ಚೆಂಡಿಗಾಗಿ ಗುದ್ದಾಡಿದರೆ ಹೆಣ್ಣಿನ ನಯ ಹೋಗುತ್ತದೆ, ದೇಹಕ್ಕೂ ಮನಸ್ಸಿಗೂ ಪೆಟ್ಟಾಗುತ್ತದೆ ಎಂಬ ಕಾರಣ ಕೊಟ್ಟರು. ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ, 1954ರಲ್ಲಿ, ಅದೇ ಸಂಸ್ಥೆಯ ಗಂಡಸರು ವಿಶ್ವಕಪ್ ಗೆದ್ದಿದ್ದರು. ದೇಶವೆಲ್ಲ ಫುಟ್‌ಬಾಲ್ ಗುಂಗಿನಲ್ಲಿದ್ದಾಗ ಹೆಂಗಸರಿಗೆ ಬಾಗಿಲು ಹಾಕಿದ್ದು ಅನ್ಯಾಯ. ಹಾಗೆಂದು ಹೆಂಗಸರು ಸುಮ್ನೆ ಕೂರಲಿಲ್ಲ. ಸಂಸ್ಥೆಯ ಹೊರಗೆ, ಸಿಕ್ಕ ಮೈದಾನದಲ್ಲಿ ಆಡುತ್ತಲೇ ಇದ್ದರು.

ನಿಷೇಧ ತೆಗೆದದ್ದು 1970ರ ಅಕ್ಟೋಬರ್ 31ರಂದು. ಆಗಲೂ ಷರತ್ತುಗಳು ಇದ್ದವು. ಪಂದ್ಯ ಚಿಕ್ಕದಿರಬೇಕು, ಚೆಂಡು ಮಕ್ಕಳು ಆಡುವ ಅಳತೆಯದ್ದಿರಬೇಕು, ಮುಳ್ಳಿನ ಬೂಟು ಹಾಕಬಾರದು. ರಾಷ್ಟ್ರೀಯ ತಂಡದ ಮೊದಲ ಪಂದ್ಯ ನಡೆಯಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 1982ರ ನವೆಂಬರ್‌ನಲ್ಲಿ ಕೋಬ್ಲೆಂಟ್ಸ್‌ನಲ್ಲಿ ಸ್ವಿಟ್ಜರ್ಲೆಂಡನ್ನು 5-1ರಿಂದ ಸೋಲಿಸಿದರು. 1989ರಲ್ಲಿ ಸ್ವಂತ ನೆಲದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದಾಗ ಡಿಎಫ್‌ಬಿ ಆಟಗಾರ್ತಿಯರಿಗೆ ಕೊಟ್ಟ ಬಹುಮಾನ ಏನು ಗೊತ್ತಾ? ತಲಾ ಒಂದು ಕಾಫಿ ಸೆಟ್, ಕಪ್-ಸಾಸರುಗಳ ಸಮೇತ. ಫೈನಲ್‌ನಲ್ಲಿ ನಾರ್ವೆಯನ್ನು 4-1ರಿಂದ ಸೋಲಿಸಿದ ತಂಡಕ್ಕೆ! ಆಗ ನಿಯಾಗೆ ಒಂಬತ್ತು ವರ್ಷ.

ಹೆಂಗಸರ ಬುಂಡೆಸ್‌ಲೀಗಾ, ಅಂದರೆ ದೇಶದ ಮೊದಲ ದರ್ಜೆಯ ಲೀಗ್, ಶುರುವಾದದ್ದು 1990ರಲ್ಲಿ, ಎರಡು ಗುಂಪುಗಳಲ್ಲಿ. ಎಲ್ಲ ತಂಡಗಳೂ ಒಂದೇ ಪಟ್ಟಿಯಲ್ಲಿ ಆಡುವ ಲೀಗ್ ಬಂದದ್ದು 1997ರಲ್ಲಿ. ಆ ವರ್ಷವೇ ಹದಿನೇಳರ ನಿಯಾ ಫ್ರಾಂಕ್‌ಫರ್ಟ್‌ನ ಎಸ್‌ಜಿ ಪ್ರೌನ್‌ಹೈಮ್ ಸೇರಿದರು. ರಾಷ್ಟ್ರೀಯ ತಂಡದ ಪರ ಮೊದಲ ಪಂದ್ಯ ಆಡಿದ್ದೂ ಆ ವರ್ಷವೇ.

ಪ್ರೌನ್‌ಹೈಮ್ ಅನ್ನುವುದು ಫ್ರಾಂಕ್‌ಫರ್ಟ್ ನಗರದ ಒಂದು ಬಡಾವಣೆ. ಅಲ್ಲಿನ ಕ್ಲಬ್ಬಿನ ಹೆಂಗಸರ ವಿಭಾಗ ಬೇರೆಯಾಗಿ, 1999ರ ಜನವರಿಯಿಂದ 1. ಎಫ್‌ಎಫ್‌ಸಿ ಫ್ರಾಂಕ್‌ಫರ್ಟ್ ಎಂಬ ಹೆಸರಿನಲ್ಲಿ ಆಡತೊಡಗಿತು. ಬರೀ ಹೆಂಗಸರ ಫುಟ್‌ಬಾಲ್‌ಗೆಂದೇ ಇದ್ದ ಕ್ಲಬ್ ಅದು. ಗಂಡಸರ ತಂಡದ ದುಡ್ಡಿನ ನೆರಳು ಅದಕ್ಕಿರಲಿಲ್ಲ. ತನ್ನ ಪ್ರಾಯೋಜಕರನ್ನು ತಾನೇ ಹುಡುಕಿಕೊಳ್ಳಬೇಕಿತ್ತು, ಪ್ರೇಕ್ಷಕರನ್ನೂ ತಾನೇ ಕರೆತರಬೇಕಿತ್ತು. ಹಾಗಿದ್ದೂ ಮುಂದಿನ ಹತ್ತು ವರ್ಷ ಯುರೋಪಿನಲ್ಲಿ ಇದರ ಎದುರು ನಿಲ್ಲುವ ತಂಡಗಳು ಕಡಿಮೆ. ಬಿರ್ಗಿಟ್ ಪ್ರಿಂಟ್ಸ್, ಸ್ಟೆಫಿ ಜೋನ್ಸ್, ರೆನಾಟೆ ಲಿಂಗೋರ್, ಪಿಯಾ ವುಂಡರ್‌ಲಿಷ್ ಎಲ್ಲರೂ ಇಲ್ಲಿ ಆಡಿದವರು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

1999ರಿಂದ 2003ರವರೆಗೆ ಸತತ ಐದು ಸಲ ಜರ್ಮನ್ ಕಪ್ ಈ ಕ್ಲಬ್ಬಿಗೇ ಬಂತು. ಯುರೋಪಿನ ಹೆಂಗಸರ ಕ್ಲಬ್ಬುಗಳಿಗೆಂದು ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಮೊದಲ ಸಲ ಕಪ್ ನಡೆಸಿದಾಗ, 2002ರ ಮೇ ತಿಂಗಳ ಫೈನಲ್‌ನಲ್ಲಿ ಸ್ವೀಡನ್ನಿನ ಉಮೆಯೋ ತಂಡವನ್ನು 2-0ಯಿಂದ ಸೋಲಿಸಿ ಕಪ್ ಎತ್ತಿದ್ದು ಇವರೇ. ನೋಡಲು ಬಂದವರು 12,000ಕ್ಕೂ ಜಾಸ್ತಿ. ಆದರೂ ಈ ಪೀಳಿಗೆಯ ಬಹುಪಾಲು ಆಟಗಾರ್ತಿಯರು ಆಟದ ಜೊತೆಗೇ ಓದುತ್ತಿದ್ದರು, ಇಲ್ಲವೇ ಕೆಲಸಕ್ಕೆ ಹೋಗುತ್ತಿದ್ದರು. ನಿಯಾ ಶಿಕ್ಷಣಶಾಸ್ತ್ರ ಓದಿದರು. ಅಭ್ಯಾಸಕ್ಕೆ ಬರುವುದು ದಿನದ ಬೇರೆ ಕೆಲಸ ಮುಗಿಸಿಕೊಂಡು.

ಡಿಫೆಂಡರ್ ಕೆಲಸದ ಬಗ್ಗೆ ಒಂದು ಮಾತು. ಫಾರ್ವರ್ಡ್ ಆಡುವವರು ಎತ್ತ ತಿರುಗಬೇಕು ಅಂತ ತಾವೇ ತೀರ್ಮಾನಿಸುತ್ತಾರೆ. ಡಿಫೆಂಡರ್‌ಗೆ ಆ ಆಯ್ಕೆ ಇಲ್ಲ. ಎದುರಾಳಿ ತಿರುಗಿದ ಮೇಲೆ ತಾನು ತಿರುಗಬೇಕು. ಹಿಂದಕ್ಕೆ ಓಡುತ್ತಿರುವಾಗಲೇ ಥಟ್ಟನೆ ಕಾಲೂರಿ ಬದಿಗೆ ಹೊರಳಬೇಕು. ಎತ್ತರದ ಚೆಂಡಿಗೆ ಇಬ್ಬರು ಮೂವರ ಜೊತೆ ಹಾರಬೇಕು, ಹಾರಿದ ಮೇಲೆ ಕಾಲು ಎಲ್ಲಿ ಹೇಗೆ ನೆಲಕ್ಕೆ ತಾಗುತ್ತದೋ ಹೇಳಲಾಗದು. ಚೆನ್ನಾಗಿ ಆಡಿದ ದಿನ ಯಾರೂ ಗಮನಿಸುವುದಿಲ್ಲ, ತಪ್ಪಿದ ದಿನ ಎಲ್ಲರ ಕಣ್ಣೂ ಅಲ್ಲೇ. ನಿಯಾಗೆ ತಲೆಯಿಂದ ಆಡುವ ಚೆಂಡಿನಲ್ಲಿ ಒಳ್ಳೆಯ ಹಿಡಿತವಿತ್ತು. ಹಿಂಬದಿಯಲ್ಲೂ, ಡಿಫೆನ್ಸಿನ ಮುಂದೆ ಮಿಡ್‌ಫೀಲ್ಡ್‌ನಲ್ಲೂ ಆಡಬಲ್ಲವರಾಗಿದ್ದರು.

ಕಾಲೂರಿ ಹೊರಳುವ ಆ ಕ್ಷಣದಲ್ಲೇ ಮಂಡಿಗೆ ಅಪಾಯ. ನಿಯಾ ಅವರ ಆಟದ ಬದುಕು ಅರ್ಥವಾಗಬೇಕಾದರೆ ಮಂಡಿಯ ಒಳಗೆ ಸ್ವಲ್ಪ ಹೋಗಲೇಬೇಕು.

ಮಂಡಿಯಲ್ಲಿ ತೊಡೆಯ ಮೂಳೆ ಮೇಲೆ, ಕಾಲಿನ ಮೂಳೆ ಕೆಳಗೆ. ಇವೆರಡನ್ನೂ ಹಿಡಿದಿಡುವ ಗಟ್ಟಿ ನಾರಿನ ಪಟ್ಟಿಗಳೇ ಲಿಗಮೆಂಟ್. ಮಂಡಿಯ ನಟ್ಟನಡುವೆ ಎರಡು ಲಿಗಮೆಂಟ್‌ಗಳು ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ಅದರಲ್ಲಿ ಮುಂದಿನದ್ದೇ ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅಳತೆ ಮೀರಿ ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಪಾದ ನೆಲದಲ್ಲಿ ಊರಿದೆ, ಬೂಟಿನ ಮುಳ್ಳು ಹುಲ್ಲಿಗೆ ಕಚ್ಚಿದೆ, ಮೈ ಮಾತ್ರ ಇನ್ನೊಂದು ಕಡೆಗೆ ತಿರುಗಿತು ಅಂದುಕೊಳ್ಳಿ. ಮಂಡಿ ಒಳಮುಖವಾಗಿ ಕುಸಿಯುತ್ತದೆ. ಎಸಿಎಲ್ ತಡೆಯಲಾರದೆ ಹರಿಯುತ್ತದೆ. ತುಂಬಾ ಸಲ ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಯಾರೂ ತಾಗಿರುವುದೂ ಇಲ್ಲ. ಟಪ್ ಅಂತ ಸದ್ದು ಕೇಳಿಸಿತು ಅನ್ನುವ ಆಟಗಾರರು ಅನೇಕರು. ಎದುರಾಳಿಯ ಮೇಲೆ ಒತ್ತಡ ಹಾಕಲು ನುಗ್ಗಿ ಬಂದು ನಿಲ್ಲುವಾಗ ಇದು ಜಾಸ್ತಿ ಆಗುತ್ತದೆ. ಅದು ಡಿಫೆಂಡರ್‌ನ ದಿನನಿತ್ಯದ ಕೆಲಸ. ನಮ್ಮಲ್ಲಿ ಕಬಡ್ಡಿ ಆಡುವವರಿಗೂ ಈ ಗಾಯದ ಹೆಸರು ಹೊಸದಲ್ಲ.

ಎಸಿಎಲ್ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಫುಟ್‌ಬಾಲಿಗೆ ಮರಳಬೇಕು ಅನ್ನುವವರಿಗೆ ಆಪರೇಷನ್ ಮಾಡುತ್ತಾರೆ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುವಿನ ನಾರನ್ನು ತೆಗೆದು, ಮೂಳೆಗಳಲ್ಲಿ ರಂಧ್ರ ಕೊರೆದು, ಅದರೊಳಗೆ ತೂರಿಸಿ ಬಿಗಿಯುತ್ತಾರೆ. ಹಾಗೆ ಕಟ್ಟಿದ ಹೊಸ ನಾರು ಲಿಗಮೆಂಟಿನಂತೆ ಮಾಗಲು ತಿಂಗಳುಗಟ್ಟಲೆ ಬೇಕು. ಶುರುವಿನ ವಾರಗಳಲ್ಲಿ ಅದು ಗಟ್ಟಿಯಾಗುವ ಬದಲು ಇನ್ನೂ ದುರ್ಬಲವಾಗುತ್ತದೆ. ನೋವು ಹೋಯಿತು, ಓಡಲು ಬರುತ್ತದೆ ಅಂತ ಬೇಗ ಮೈದಾನಕ್ಕೆ ಇಳಿದರೆ ಮತ್ತೆ ಹರಿಯುವ ಸಾಧ್ಯತೆ ಏರುತ್ತದೆ. ಅದಕ್ಕೇ ಈಗ ಒಂಬತ್ತು ತಿಂಗಳಾದರೂ ಕಾಯಿರಿ ಅನ್ನುತ್ತಾರೆ. ಕಾಲಿನ ಮಾಂಸ ಕರಗಿರುತ್ತದೆ, ಅದನ್ನು ಮತ್ತೆ ಬೆಳೆಸಬೇಕು. ಒಂಟಿಕಾಲಲ್ಲಿ ನಿಲ್ಲುವುದರಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು.

ಹೆಂಗಸರಲ್ಲಿ ಈ ಗಾಯ ಗಂಡಸರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಯಾಕೆ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಸೊಂಟದ ಅಗಲ, ನೆಲಕ್ಕೆ ಇಳಿಯುವಾಗ ಮಂಡಿ ಒಳಕ್ಕೆ ವಾಲುವ ರೀತಿ, ತೊಡೆಯ ಹಿಂದಿನ ಸ್ನಾಯುವಿಗಿಂತ ಮುಂದಿನದೇ ಬಲವಾಗಿರುವುದು, ಹಾರ್ಮೋನು ಎಲ್ಲದರ ಮೇಲೂ ಅಧ್ಯಯನ ನಡೆದಿದೆ. ದೇಹದ ಮೇಲಷ್ಟೇ ತಪ್ಪು ಹಾಕುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೂಟು ತಯಾರಾಗುತ್ತಿದ್ದದ್ದು ಗಂಡಸರ ಪಾದದ ಅಳತೆಗೆ. ಹೆಂಗಸರ ತಂಡಕ್ಕೆ ಸಿಗುತ್ತಿದ್ದದ್ದು ಎರಡನೇ ದರ್ಜೆಯ ಮೈದಾನ. ಫಿಸಿಯೋ, ಬಲ ಹೆಚ್ಚಿಸುವ ತರಬೇತಿ ಎಲ್ಲ ಗಂಡಸರ ತಂಡಗಳಿಗೆ ಮೊದಲು. ಹಾರಿ ಇಳಿಯುವುದನ್ನು, ತಿರುಗುವುದನ್ನು ಸರಿಯಾಗಿ ಕಲಿಸಿದರೆ ಗಾಯ ಕಡಿಮೆಯಾಗುತ್ತದೆ ಎಂಬುದು ಈಗ ಚೆನ್ನಾಗಿ ಗೊತ್ತಿರುವ ವಿಷಯ. ಫಿಫಾ 11+ ಅನ್ನುವ ಇಪ್ಪತ್ತು ನಿಮಿಷದ ವಾರ್ಮಪ್ ಬಂದಿರುವುದು ಅದಕ್ಕೇ. ನಿಯಾ ಹುಡುಗಿಯಾಗಿ ಆಡುವಾಗ ಅಂಥದ್ದು ಇರಲಿಲ್ಲ.

ಒಂದು ಸಲ ಹರಿದರೇ ಎಷ್ಟೋ ಜನ ಆಟ ಬಿಡುತ್ತಾರೆ. ನಿಯಾಗೆ ನಾಲ್ಕು ಸಲ ಹರಿಯಿತು. ನಾಲ್ಕು ಸಲ ಹೀಗೆ ತಿಂಗಳುಗಟ್ಟಲೆ ಹೊರಗೆ ಕೂತರೆ ರಾಷ್ಟ್ರೀಯ ತಂಡದಲ್ಲಿ ಜಾಗ ಉಳಿಸಿಕೊಳ್ಳುವುದು ಎಷ್ಟು ಕಷ್ಟ ನೋಡಿ. ಅದೇ ಕಾಲದ ಬಿರ್ಗಿಟ್ ಪ್ರಿಂಟ್ಸ್ ದೇಶಕ್ಕೆ 214 ಪಂದ್ಯ ಆಡಿದರು. ನಿಯಾ 34. ಹದಿನೇಳಕ್ಕೇ ರಾಷ್ಟ್ರೀಯ ತಂಡಕ್ಕೆ ಬಂದವರ ಲೆಕ್ಕ ಇಷ್ಟು ಚಿಕ್ಕದಾಗಿರುವುದನ್ನು ನೋಡುವಾಗ ಈ ಮಂಡಿಯನ್ನು ಮರೆಯುವ ಹಾಗಿಲ್ಲ.

ಈಗ 2003ಕ್ಕೆ ಬರೋಣ. ಆ ವಿಶ್ವಕಪ್ ಚೀನಾದಲ್ಲಿ ನಡೆಯಬೇಕಿತ್ತು. ಸಾರ್ಸ್ ರೋಗ ಹರಡಿದ್ದರಿಂದ ಅಮೆರಿಕಕ್ಕೆ ಬದಲಾಯಿಸಿದರು. ಜರ್ಮನಿಯ ಕೋಚ್ ಟೀನಾ ಟೊಯ್ನೆ-ಮೈಯರ್. ಗುಂಪಿನ ಹಂತದಲ್ಲಿ ಅರ್ಜೆಂಟೀನಾ ವಿರುದ್ಧದ ಪಂದ್ಯದಲ್ಲಿ ಡಿಫೆನ್ಸಿನ ಆಧಾರವಾಗಿದ್ದ ಸ್ಟೆಫಿ ಜೋನ್ಸ್ ಎಸಿಎಲ್ ಹರಿದುಕೊಂಡು ಟೂರ್ನಿಯಿಂದಲೇ ಹೊರಬಿದ್ದರು. ಮತ್ತೆ ಅದೇ ಗಾಯ, ಮತ್ತೆ ಫ್ರಾಂಕ್‌ಫರ್ಟ್‌ನ ಡಿಫೆಂಡರ್. ಆದರೂ ತಂಡ ರಷ್ಯಾವನ್ನು 7-1ರಿಂದ, ಸೆಮಿಫೈನಲ್‌ನಲ್ಲಿ ಆತಿಥೇಯ ಅಮೆರಿಕವನ್ನು 3-0ಯಿಂದ ಸೋಲಿಸಿತು.

ಫೈನಲ್ ನಡೆದದ್ದು ಲಾಸ್ ಏಂಜಲೀಸ್ ಪಕ್ಕದ ಕಾರ್ಸನ್‌ನಲ್ಲಿ, 26,000ಕ್ಕೂ ಹೆಚ್ಚು ಜನರ ಮುಂದೆ. ಎದುರಿಗಿದ್ದ ಸ್ವೀಡನ್ನಿನ ಕೋಚ್ ಕೂಡ ಹೆಂಗಸೇ, ಮರಿಕಾ ಡೊಮಾನ್ಸ್ಕಿ-ಲಿಫೋರ್ಸ್. 41ನೇ ನಿಮಿಷದಲ್ಲಿ ಹನ್ನಾ ಯುಂಗ್‌ಬೆರ್ಗ್ ಸ್ವೀಡನ್‌ಗೆ ಗೋಲು ತಂದುಕೊಟ್ಟರು. ವಿರಾಮ ಮುಗಿಸಿ ಬಂದ ಮೊದಲ ನಿಮಿಷದಲ್ಲೇ ಮಾರೆನ್ ಮೈನರ್ಟ್ ಸಮ ಮಾಡಿದರು. ಅಲ್ಲಿಂದ ಎರಡೂ ಕಡೆ ಅವಕಾಶಗಳು ಬಂದವು, ಗೋಲು ಬರಲಿಲ್ಲ.

88ನೇ ನಿಮಿಷ. ಟೊಯ್ನೆ-ಮೈಯರ್ ಮಿಡ್‌ಫೀಲ್ಡರ್ ಪಿಯಾ ವುಂಡರ್‌ಲಿಷ್ ಅವರನ್ನು ಹೊರಗೆ ಕರೆದು ನಿಯಾ ಅವರನ್ನು ಒಳಗೆ ಕಳಿಸಿದರು. ಮೇಲುನೋಟಕ್ಕೆ ಇದು ಕೈಕಟ್ಟಿ ಕಾಯುವ ಬದಲಾವಣೆಯಂತೆ ಕಾಣುತ್ತದೆ. ಆದರೆ ಮುಂದೆ ಬರಲಿದ್ದದ್ದು ತೊಂಬತ್ತು ನಿಮಿಷ ಸಮವಾದರೆ ಆಡುವ ಮೂವತ್ತು ನಿಮಿಷದ ಹೆಚ್ಚುವರಿ ಸಮಯ, ಅದಕ್ಕೆ ಗೋಲ್ಡನ್ ಗೋಲ್ ನಿಯಮ. ಅಂದರೆ ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆದರೋ ಆ ಕ್ಷಣಕ್ಕೇ ಪಂದ್ಯ ಮುಗಿಯಿತು, ಅವರೇ ಗೆದ್ದರು. ಎದುರಾಳಿಗೆ ತಿರುಗಿ ಹೊಡೆಯಲು ಒಂದು ಸೆಕೆಂಡೂ ಇಲ್ಲ.

ಈ ನಿಯಮವನ್ನು ಫಿಫಾ ತಂದದ್ದು 1993ರಲ್ಲಿ, ತಂಡಗಳು ಪೆನಾಲ್ಟಿಗೆ ಕಾಯದೆ ಮುನ್ನುಗ್ಗಿ ಆಡಲಿ ಎಂದು. ಆದದ್ದು ಎಷ್ಟೋ ಸಲ ಉಲ್ಟಾ. ಒಂದು ತಪ್ಪಾದರೆ ಮುಗಿಯಿತು ಎಂಬ ಭಯಕ್ಕೆ ತಂಡಗಳು ಹಿಂದಕ್ಕೆ ಸರಿದು ಆಡತೊಡಗಿದವು. ಅಂಥ ಬಿಗಿಯಾದ ಆಟದಲ್ಲಿ ಗೋಲು ಬರುವ ಹಾದಿಗಳು ಕಡಿಮೆ. ಕಾರ್ನರ್, ಫ್ರೀ ಕಿಕ್, ಮೇಲೆ ಬರುವ ಚೆಂಡು, ಅಷ್ಟೇ. ಹಾಗಿರುವಾಗ ಸ್ವಂತ ಗೋಲಿನ ಮುಂದೆ ಹೆಡರ್, ಅಂದರೆ ತಲೆಯಿಂದ ಆಡುವ ಚೆಂಡು, ಗೆದ್ದು ಕಾಪಾಡುವ, ಎದುರಿನ ಗೋಲಿನ ಮುಂದೆಯೂ ಹೆಡರ್ ಗೆಲ್ಲಬಲ್ಲ ಆಟಗಾರ್ತಿಯನ್ನು ಆಗ ಇಳಿಸಿದ್ದು ತುಂಬಾ ಸರಿಯಾದ ಲೆಕ್ಕ ಅಂತ ನಾನು ನೋಡುತ್ತೇನೆ.

98ನೇ ನಿಮಿಷದಲ್ಲಿ ಜರ್ಮನಿಯ ಕೆರ್ಸ್ಟಿನ್ ಗರೆಫ್ರೆಕೆಸ್ ಬಿದ್ದರು, ರೊಮೇನಿಯಾದ ರೆಫರಿ ಫ್ರೀ ಕಿಕ್ ಕೊಟ್ಟರು. ಅದು ಫೌಲ್ ಅಲ್ಲವೇ ಅಲ್ಲ ಎಂದು ಸ್ವೀಡನ್ನಿನವರು ಆಮೇಲೂ ಹೇಳಿದರು, ಅವರ ಮಾತಿನಲ್ಲಿ ಹುರುಳಿತ್ತು. ಚೆಂಡಿನ ಮುಂದೆ ನಿಂತವರು ರೆನಾಟೆ ಲಿಂಗೋರ್. ಚೆಂಡು ಗೋಲಿನ ಮುಂದಿನ ಗುಂಪಿಗೆ ಎತ್ತರವಾಗಿ ಬಂತು. ನಿಯಾ ಸ್ವೀಡನ್ನಿನ ಡಿಫೆಂಡರ್‌ಗಳಿಗಿಂತ ಮೇಲೆ ಹಾರಿದರು. ತಲೆಗೆ ತಾಗಿದ ಚೆಂಡು ಗೋಲ್‌ಕೀಪರ್ ಕರೋಲಿನ್ ಯೋನ್ಸನ್ ಅವರನ್ನು ದಾಟಿ ಬಲೆಗೆ ಬಿತ್ತು. 2-1. ಪಂದ್ಯ ಅಲ್ಲಿಗೇ ಮುಗಿಯಿತು.

ಹೊರಗೆ ಹೋದ ವುಂಡರ್‌ಲಿಷ್, ಒಳಗೆ ಬಂದ ನಿಯಾ, ಚೆಂಡು ಕಳಿಸಿದ ಲಿಂಗೋರ್ ಮೂವರೂ ಒಂದೇ ಕ್ಲಬ್ಬಿನವರು. ಲಿಂಗೋರ್ ಚೆಂಡು ಎಲ್ಲಿ ಇಳಿಸುತ್ತಾರೆ ಅನ್ನುವುದು ನಿಯಾಗೆ ವರ್ಷಗಳಿಂದ ಗೊತ್ತಿದ್ದ ವಿಷಯ. ಅದೃಷ್ಟದ ಗೋಲು ಎಂದು ಕೆಲವರು ಹೇಳುವಾಗ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಫ್ರೀ ಕಿಕ್ ಸಿಕ್ಕಿದ್ದು ಅದೃಷ್ಟ ಇರಬಹುದು, ಹಾರಿದ್ದು ಅಭ್ಯಾಸ.

ಸ್ವೀಡನ್ನಿನವರ ನೋವಿಗೆ ಇನ್ನೊಂದು ಕಾರಣವೂ ಇತ್ತು. ಎರಡು ವರ್ಷದ ಹಿಂದೆ, 2001ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಉಲ್ಮ್ ನಗರದಲ್ಲಿ, ಇದೇ ಜರ್ಮನಿಯ ಕ್ಲೌಡಿಯಾ ಮ್ಯುಲರ್ ಗೋಲ್ಡನ್ ಗೋಲಿನಿಂದಲೇ ಅವರನ್ನು ಸೋಲಿಸಿದ್ದರು. ಅದೂ 98ನೇ ನಿಮಿಷವೇ!

2004ರಲ್ಲಿ ಆ ನಿಯಮವನ್ನೇ ತೆಗೆದುಹಾಕಲು ತೀರ್ಮಾನಿಸಿದರು. ಗಂಡಸರದ್ದಾಗಲಿ ಹೆಂಗಸರದ್ದಾಗಲಿ, ಗೋಲ್ಡನ್ ಗೋಲಿನಿಂದ ಮುಗಿದ ವಿಶ್ವಕಪ್ ಫೈನಲ್ ಅಂತ ಇರುವುದು ನಿಯಾ ಅವರದ್ದೊಂದೇ. ಜರ್ಮನಿ ಗಂಡಸರ, ಹೆಂಗಸರ ಎರಡೂ ವಿಶ್ವಕಪ್ ಗೆದ್ದ ಮೊದಲ ದೇಶವಾಯಿತು. ಟೊಯ್ನೆ-ಮೈಯರ್ ವಿಶ್ವಕಪ್ ಗೆದ್ದ ಮೊದಲ ಮಹಿಳಾ ಕೋಚ್ ಆದರು. ಅದು ಜರ್ಮನಿಯಲ್ಲಿ ಭಾನುವಾರದ ಸಂಜೆ, ಒಂದು ಕೋಟಿಗೂ ಹೆಚ್ಚು ಜನ ಟಿವಿ ಮುಂದೆ ಕೂತಿದ್ದರು. ಟಿವಿ ವೀಕ್ಷಕರು ಆರಿಸುವ ವರ್ಷದ ಗೋಲು ಪ್ರಶಸ್ತಿ ಆ ಸಲ ನಿಯಾಗೆ ಬಂತು. ಒಬ್ಬ ಹೆಣ್ಣುಮಗಳಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಆ ಮೇಲೆ ರಾಷ್ಟ್ರೀಯ ತಂಡದಲ್ಲಿ ನಿಯಾ ಹೆಚ್ಚು ಕಾಣಿಸಲಿಲ್ಲ. 2007ರಲ್ಲಿ ಜರ್ಮನಿ ಒಂದೂ ಗೋಲು ಬಿಟ್ಟುಕೊಡದೆ ಮತ್ತೆ ವಿಶ್ವಕಪ್ ಗೆದ್ದಾಗ ಅವರು ತಂಡದಲ್ಲಿರಲಿಲ್ಲ. ಕ್ಲಬ್ಬನ್ನು ಮಾತ್ರ ಬಿಡಲಿಲ್ಲ. 2008ರಲ್ಲಿ ಫ್ರಾಂಕ್‌ಫರ್ಟ್ ಲೀಗ್, ಜರ್ಮನ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದಿತು. ಎರಡು ಪಂದ್ಯಗಳಾಗಿ ನಡೆದ ಯುರೋಪಿಯನ್ ಫೈನಲ್‌ನ ಎರಡನೇ ಪಂದ್ಯಕ್ಕೆ ಫ್ರಾಂಕ್‌ಫರ್ಟ್‌ನ ದೊಡ್ಡ ಸ್ಟೇಡಿಯಂಗೆ 27,640 ಜನ ಬಂದಿದ್ದರು. ಆ ಋತು ಮುಗಿದ ಮೇಲೆ ನಿಯಾ ನಿವೃತ್ತರಾದರು. ವಯಸ್ಸು ಬರೀ 28.

ಆಮೇಲೆ ಜನ ಅವರನ್ನು ಕಂಡದ್ದು ಎಆರ್‌ಡಿ ಟಿವಿಯಲ್ಲಿ, ಹೆಂಗಸರ ಪಂದ್ಯಗಳನ್ನು ವಿಶ್ಲೇಷಿಸುವವರಾಗಿ. ಅವರ ನಿಜವಾದ ಉದ್ಯೋಗ ಗೀಸೆನ್‌ನ ಸರ್ಕಾರಿ ಕಚೇರಿಯಲ್ಲಿತ್ತು. ಜರ್ಮನಿಗೆ ಆಶ್ರಯ ಕೇಳಿ ಬರುವವರನ್ನು ಮೊದಲು ಉಳಿಸಿಕೊಳ್ಳುವ ಹೆಸ್ಸೆನ್ ರಾಜ್ಯದ ಕೇಂದ್ರ ಆ ನಗರದಲ್ಲಿದೆ. ನಿರಾಶ್ರಿತರ ಆ ವಿಭಾಗದಲ್ಲಿ ಅವರು ಹಿರಿಯ ಅಧಿಕಾರಿಯಾಗಿ ಕೆಲಸ ಮಾಡಿದರು.

2023ರ ವಿಶ್ವಕಪ್‌ನಲ್ಲಿ ಜರ್ಮನಿ ಮೊದಲ ಸಲ ಗುಂಪಿನ ಹಂತದಲ್ಲೇ ಹೊರಬಿತ್ತು. ಮೊರಾಕೊವನ್ನು 6-0ಯಿಂದ ಸೋಲಿಸಿದ ತಂಡ ಕೊಲಂಬಿಯಾಕ್ಕೆ ಸೋತಿತು, ದಕ್ಷಿಣ ಕೊರಿಯಾ ಜೊತೆ ಸಮ ಮಾಡಿಕೊಂಡಿತು. ಕೋಚ್ ಮಾರ್ಟಿನಾ ಫಾಸ್-ಟೆಕ್ಲೆನ್‌ಬರ್ಗ್ ಹೊರನಡೆದರು. ಆಗ ಡಿಎಫ್‌ಬಿ ಹೆಂಗಸರ ಫುಟ್‌ಬಾಲ್‌ಗೆಂದೇ ಕ್ರೀಡಾ ನಿರ್ದೇಶಕಿಯ ಹುದ್ದೆಯನ್ನು ಮಾಡಿ ನಿಯಾ ಅವರನ್ನು ಕರೆಯಿತು. 2024ರ ಜನವರಿಯಲ್ಲಿ ಕೆಲಸ ಶುರುವಾಯಿತು. ಕೋಚ್ ಯಾರಿರಬೇಕು, ಕಿರಿಯರ ತಂಡಗಳಿಂದ ಮೇಲಕ್ಕೆ ದಾರಿ ಹೇಗಿರಬೇಕು, ಕ್ಲಬ್ಬುಗಳ ಜೊತೆ ಮಾತುಕತೆ ಹೇಗೆ, ಇವೆಲ್ಲ ಆ ಹುದ್ದೆಯ ಕೆಲಸ. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಂಡ ಸ್ಪೇನ್ ಅನ್ನು 1-0ಯಿಂದ ಸೋಲಿಸಿ ಕಂಚು ತಂದಿತು. ಗೋಲು ಹೊಡೆದವರು ಗಿಯುಲಿಯಾ ಗ್ವಿನ್. ಅವರೂ ಡಿಫೆಂಡರ್, ಅವರ ಎಸಿಎಲ್ಲೂ ಅದಕ್ಕೆ ಮುಂಚೆ ಎರಡು ಸಲ ಹರಿದಿತ್ತು.

2025ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಮೊದಲ ಪಂದ್ಯದಲ್ಲೇ ನಾಯಕಿ ಗ್ವಿನ್ ಮತ್ತೆ ಮಂಡಿಗೆ ಪೆಟ್ಟು ಮಾಡಿಕೊಂಡು ಹೊರಹೋದರು. ಈ ಸಲ ಬೇರೆ ಲಿಗಮೆಂಟ್. ಕ್ವಾರ್ಟರ್ ಫೈನಲ್‌ನಲ್ಲಿ ಡಿಫೆಂಡರ್ ಕ್ಯಾಥ್ರಿನ್ ಹೆಂಡ್ರಿಚ್ 13ನೇ ನಿಮಿಷಕ್ಕೇ ರೆಡ್ ಕಾರ್ಡ್ ಪಡೆದರು. ಉಳಿದ ಹತ್ತು ಜನ ಹೆಚ್ಚುವರಿ ಸಮಯ ಪೂರ್ತಿ ಫ್ರಾನ್ಸ್ ಅನ್ನು ತಡೆದು ನಿಂತು ಪೆನಾಲ್ಟಿಯಲ್ಲಿ ಗೆದ್ದರು. ಸೆಮಿಫೈನಲ್‌ನಲ್ಲಿ ಸ್ಪೇನ್‌ನ ಐತಾನಾ ಬೊನ್ಮತಿ 113ನೇ ನಿಮಿಷದಲ್ಲಿ ಗೋಲು ಹೊಡೆದರು. ಹಳೆಯ ನಿಯಮವಿದ್ದಿದ್ದರೆ ಅಲ್ಲಿಗೇ ಸೀಟಿ. ಈಗ ಜರ್ಮನಿಗೆ ತಿರುಗಿ ಹೊಡೆಯಲು ಇನ್ನೂ ಏಳು ನಿಮಿಷ ಇತ್ತು, ಗೋಲು ಸಿಗಲಿಲ್ಲ.